ಪ್ಯಾಕೇಜು ಪುರಾಣ

ಇಂಟರ್ ಮುಗಿಸಿದ ಬಾಲಕನ ಅಭಿಪ್ರಾಯವೊಂದನ್ನುಳಿದು ಮಿಕ್ಕೆಲ್ಲರ ಅಭಿಪ್ರಾಯಗಳನ್ನೂ ಸಂಗ್ರಹಿಸುವುದು ಹೈದರಾಬಾದಿನ ಕನ್ನಡ ಮನೆತನಗಳಲ್ಲಿಯೂ ಶಿಷ್ಟಾಚಾರವೇ ಆಗಿರುವುದರಿಂದ, ಕಾಚಿಗುಡದ ರಾಯರು ತಮ್ಮ ಭಾವಮೈದುನನೊಡನೆ ಚಹಾ ಸೇವಿಸುತ್ತ ಮಗನ ವ್ಯಾಸಂಗದ ಸಮಾಲೋಚನೆಗೆ ಕುಳಿತರು.

“ಭಾವ, ಗಚ್ಚಿಬೌಲಿಯ ಐಎಸ್‌ಬಿಗೇ ಸೇರಿಸೋಣ.”

“ಅಲ್ಲಿಯ ಪಿಜಿಪಿ ಪದವೀಧರರಿಗಯ್ಯಾ, ಇವನಿನ್ನೂ ಪದವಿಗೆ ಸೇರಬೇಕಾದವನು.”

“ಇಂದೂರಿನ ಐಐಎಂನಲ್ಲಿ 2011ರಿಂದ ಇಂಟರ್ ಮುಗಿಸಿದವರಿಗೇ ಐದು ವರ್ಷಗಳ ವ್ಯಾಸಂಗವುಂಟಲ್ಲ?”

“ಉಂಟು. ಪ್ರವೇಶಕ್ಕೆ ಅವನು ಪರೀಕ್ಷೆ ಬರೆಯಬೇಕು, ಶುಲ್ಕಕ್ಕೆ ನಾನು ಈ ಮನೆಯನ್ನು ಬ್ಯಾಂಕಿಗೆ ಬರೆಯಬೇಕು.”

“ಹಾಗಾದರೆ ಈ ಖಾಸಗಿ ಕಾಲೇಜು! ಗರಿಷ್ಠ ಪ್ಯಾಕೇಜು ಪಡೆದವನ ಭಾವಚಿತ್ರ ಕೈಪಿಡಿಯ ಪುಟದ ತುಂಬ ಇದೆ.”

“ಮಿಕ್ಕವರೆಲ್ಲಿ?”

“ಸ್ಥಳಾಭಾವವಿರಬೇಕು. ಸರಾಸರಿಯಂತೂ ಸೊಗಸಾಗಿದೆ.”

ಒಬ್ಬ ಭಾಗ್ಯವಂತನ ವೇತನವನ್ನು ಕಾಗದದ ಮೇಲೆ ಸಮಸ್ತ ಸಹಪಾಠಿಗಳಿಗೂ ಹಂಚಿ, ಹಣವನ್ನು ಮಾತ್ರ ಅವನ ಖಾತೆಯಲ್ಲಿಯೇ ಉಳಿಸುವ ಈ ಔದಾರ್ಯಪೂರ್ಣ ಗಣಿತಕ್ಕೆ ರಾಯರು ಮನಸೋಲಲಿಲ್ಲ. ಮಧ್ಯದ ಹುಡುಗನಿಗೆಷ್ಟು ಸಿಕ್ಕಿತೆಂದು ವಿಚಾರಿಸಿದರೆ, ಕೈಪಿಡಿ ಆ ವಿಷಯದಲ್ಲಿ ಮೌನವ್ರತವನ್ನು ಧರಿಸಿತ್ತು.

“1887ರ ನಿಜಾಮ್ ಕಾಲೇಜಾದರೋ?” ಎಂದರು ರಾಯರು. “ಬಷೀರ್‌ಬಾಗಿಗೆ ಬಸ್ಸಿನ ಖರ್ಚಷ್ಟೆ, ಉಳಿದ ಹಣದಲ್ಲಿ ಮುಂದೆ ಎಂಬಿಎ ಓದಬಹುದು.”

“ಅಷ್ಟು ಅಗ್ಗವಾದರೆ ಬೀಗರೆದುರು ಹೇಳುವುದಕ್ಕೇನುಳಿಯಿತು, ಭಾವ? ಖರ್ಚೇ ಇಲ್ಲದ ವಿದ್ಯೆಗೆ ಗೌರವವೆಲ್ಲಿ?”

ಒಳಕೋಣೆಯಿಂದ ಬಾಲಕನ ಧ್ವನಿ ಕೇಳಿಸಿತು: “ಮಾಮ, ಪದವಿ ಪ್ರವೇಶದ ಜಾಲತಾಣ ದೋಸ್ತ್‌ನಲ್ಲಿ ನಿಜಾಮ್ ಕಾಲೇಜಿನ ಬಿ.ಕಾಂ. ಸೀಟು ಬಂದಿದೆ. ಶುಲ್ಕವನ್ನೂ ಕಟ್ಟಿದೆ.”

“ಕಟ್ಟಿದೆಯಾ? ಎಷ್ಟಾಯಿತು?”

ಬಾಲಕನು ಮೊತ್ತವನ್ನು ಹೇಳಿದನು.

“ಮೆಲ್ಲಗೆ ಹೇಳೋ,” ಎಂದು ಮಾಮನು ಎದ್ದು ಕಿಟಕಿ ಮುಚ್ಚಿದನು, “ಪಕ್ಕದ ಮನೆಯವರು ಕೇಳಿಯಾರು!”