ಟೀಮಣ್ಣ

ದಾವಣಗೆರೆ ಬಸ್ಸಿನಲ್ಲಿ ‘ಎಲ್ಲಿಗ್ರಿ?’ ಎಂದು ಕೇಳಿದ ಕಂಡಕ್ಟರಿಗೆ ‘ಸೊಕ್ಕೆ’ ಅಂದರೆ ಟಿಕೆಟ್ಟಿಗಿಂತ ಮೊದಲು ಒಂದು ನಗು ಸಿಗುತ್ತದೆ. ಜಗಳೂರು ತಾಲ್ಲೂಕು, ಸೊಕ್ಕೆ ಹೋಬಳಿ. ‘ಜಗಳಾನೂ ನಿಮ್ಮದೇ, ಸೊಕ್ಕೂ ನಿಮ್ಮದೇ ಬಿಡ್ರಿ!’ ಈ ಜೋಕಿಗೆ ನಮ್ಮ ತಾತನೂ ನಕ್ಕಿರಬೇಕು. ನಾನಂತೂ ನಗುವುದನ್ನು ಬಿಟ್ಟು ಬಹಳ ವರ್ಷಗಳಾದವು. ಆದರೆ ಇಂಥ ವಿಳಾಸ ಇಟ್ಟುಕೊಂಡ ಊರಿನಲ್ಲಿ ಕುಂತು, ‘ಒಗ್ಗಟ್ಟಿನ ಟೀಮು ಕಟ್ಟಿಯೇ ತೀರುತ್ತೇನೆ’ ಎಂದು ಹೊರಟವನನ್ನು ಕಂಡಾಗ ಮಾತ್ರ ಆ ಕಂಡಕ್ಟರು ನೆನಪಾಗುತ್ತಾನೆ.

ಅವನು ನನ್ನ ದೊಡ್ಡಮ್ಮನ ಮಗ. ಹೆಸರು ಬೇರೆ ಇದೆ, ಪಡಿತರ ಚೀಟಿಯಲ್ಲಿ. ಊರಿಗೆಲ್ಲ ಅವನು ಟೀಮಣ್ಣ.

ನಿಮ್ಮೂರಲ್ಲೂ ಒಬ್ಬ ಟೀಮಣ್ಣ ಇದ್ದೇ ಇರುತ್ತಾನೆ. ನಿಮ್ಮ ಆಫೀಸಿನಲ್ಲಾದರೆ ಇಬ್ಬರು. ಅರಳಿಕಟ್ಟೆಯ ಮೇಲೆ ಇಬ್ಬರು ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡರೆ ಇವನ ಕಣ್ಣಿಗೆ ಅದು ಉಪಸಮಿತಿ. ಮೂರನೆಯವನು ಬಂದು ಕೂತರೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಸಿಕ್ಕಂತಾಯಿತು. ಮದುವೆ ಮನೆಯಲ್ಲಿ ಬಡಿಸಲು ನಿಂತ ಹುಡುಗರನ್ನು ‘ಪಲ್ಯದ ಟೀಮು, ಅನ್ನದ ಟೀಮು’ ಎಂದು ವಿಂಗಡಿಸಲು ಹೋಗಿ, ಸಾರು ಯಾವ ಟೀಮಿಗೂ ಸೇರದೆ ಒಂದು ಪಂಕ್ತಿಯೇ ಸಾರಿಲ್ಲದೆ ಎದ್ದದ್ದುಂಟು.

ಬೆಂಗಳೂರಿನ ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಯಾವುದೋ ಕಾರ್ಖಾನೆಯ ತರಬೇತಿ ವಿಭಾಗ. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದರೆ ಇವನು ತಂದದ್ದು ಒಂದು ಬಿಳಿ ಬೋರ್ಡು, ಒಂದು ಡಬ್ಬಿ ಮಾರ್ಕರು, ಮೂರು ಬಣ್ಣದ ಅಂಟುಚೀಟಿಗಳ ಕಟ್ಟು ಮತ್ತು ‘ಇನ್ನೋವೇಶನ್’ ಎಂಬ ಒಂದು ಪದ. ಬಂದ ವಾರದಲ್ಲೇ ದನದ ಕೊಟ್ಟಿಗೆಯ ಗೋಡೆಗೆ ಕುಡುಗೋಲು, ಗುದ್ದಲಿ, ಬಾರುಕೋಲು ಒಂದೊಂದನ್ನೂ ಒತ್ತಿ ಹಿಡಿದು ಸುತ್ತ ಗೆರೆ ಎಳೆದ. ಜಪಾನಿನ ಕಾರ್ಖಾನೆಗಳಲ್ಲಿ ಹೀಗೇ ಮಾಡುತ್ತಾರಂತೆ, ಯಾವ ಸಾಮಾನು ಜಾಗದಲ್ಲಿಲ್ಲ ಎಂದು ನೋಡಿದ ಕೂಡಲೇ ತಿಳಿಯಲಿ ಎಂದು. ಪಕ್ಕದ ಮನೆಯವರು ಗುದ್ದಲಿ ಒಯ್ದು ಎಂಟು ತಿಂಗಳಾಯಿತು. ಗೋಡೆಯ ಮೇಲಿನ ಗುದ್ದಲಿ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಅದೇ ವರ್ಷ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ತಂದಿತ್ತು. ಬಯಲುಸೀಮೆಯಾದರೆ ಕನಿಷ್ಠ 300 ಸದಸ್ಯರು. ಒಬ್ಬ ರೈತ ಷೇರು ಹಾಕಿದರೆ ಅಷ್ಟೇ ಮೊತ್ತವನ್ನು, ಗರಿಷ್ಠ 2,000 ರೂಪಾಯಿಯವರೆಗೆ, ಸರ್ಕಾರವೂ ಹಾಕುತ್ತದೆ. ಒಂದು ಸಂಸ್ಥೆಗೆ ಒಟ್ಟು 15 ಲಕ್ಷದವರೆಗೆ. ಟೀಮಣ್ಣನಿಗೆ ಹಸಿದ ಹೊತ್ತಿಗೆ ಹೋಳಿಗೆ ಸಿಕ್ಕಂತಾಯಿತು. ಮುನ್ನೂರು ಜನರ ಟೀಮು! ಸೈಕಲ್ಲು ಹತ್ತಿ ಹಳ್ಳಿ ಹಳ್ಳಿ ತಿರುಗಿದ. ನಿರ್ದೇಶಕರು ಐವರಿಗಿಂತ ಕಡಿಮೆ ಇರುವಂತಿಲ್ಲ ಎಂದು ಕಾನೂನು. ನಾಲ್ವರು ಸಿಕ್ಕಿದ್ದರು. ಒಂದು ರಾತ್ರಿ ನಮ್ಮ ಮನೆಗೆ ಬಂದು ‘ನೀನು ಕನ್ನಡ ಮೇಷ್ಟ್ರು, ಠರಾವು ಬರೀಲಿಕ್ಕೆ ಆಗ್ತದೆ’ ಅಂದ. ನನಗಿರುವುದು ಅಪ್ಪ ಬಿಟ್ಟುಹೋದ ಎರಡು ಎಕರೆ. ಅದರಲ್ಲಿ ಮೆಕ್ಕೆಜೋಳ ಎಷ್ಟೋ ಕರಿಕೆ ಅಷ್ಟೇ. ಆದರೂ ಉತ್ಪಾದಕನಾದೆ. ನಿರ್ದೇಶಕನೂ ಆದೆ. ನಿರ್ದೇಶಕ ಅನ್ನಿಸಿಕೊಳ್ಳುವ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಲ್ಲಿಂದ ಶುರುವಾಯಿತು ಮೀಟಿಂಗು.

ಪ್ರತಿ ಮೀಟಿಂಗೂ ಕಣಗಿನಹಾಳದಿಂದಲೇ ಹೊರಡಬೇಕು. ‘1905ರಲ್ಲಿ ಗದಗದ ಹತ್ರ ಕಣಗಿನಹಾಳದಾಗೆ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ಆಗ ಅವರ ಹತ್ರ ಏನಿತ್ತು?’ ಎಂದು ನಿಲ್ಲಿಸಿ ಸುತ್ತ ನೋಡುತ್ತಾನೆ. ಹಿಂದಿನ ಸಾಲಿನಿಂದ ಯಾರೋ ‘ಮೀಟಿಂಗ್ ಇರಲಿಲ್ಲ’ ಎಂದು ಗೊಣಗುತ್ತಾರೆ. ಈ ಪ್ರಶ್ನೋತ್ತರವೂ ಈಗ ನಡಾವಳಿಯ ಭಾಗವಾಗಿಬಿಟ್ಟಿದೆ.

ಇದನ್ನೆಲ್ಲ ಸಹಿಸಬಹುದಿತ್ತು. ನನ್ನಿಂದ ಸಹಿಸಲಾಗದೆ ಹೋದದ್ದು ಅವನ ‘ಪರಿಚಯ’.

ಮೊದಲ ಸಭೆಗೆ ಸಮುದಾಯ ಭವನದಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿಸಿದ್ದ. ‘ದಿನಾ ಒಟ್ಟಿಗೆ ಕುಂದರೋರು ಇವತ್ತು ಒಟ್ಟಿಗೆ ಕುಂದರಬೇಡ್ರಿ. ಯಾರ ಜೊತೆ ಕುಂದರಲ್ವೋ ಅವರ ಪಕ್ಕ ಕುಂದರ್ರಿ.’ ಕುಂತೆವು. ‘ಈಗ ಒಬ್ಬೊಬ್ಬರೇ ಎದ್ದು ಪರಿಚಯ ಮಾಡ್ಕೊಳ್ರಿ.’ ಅಲ್ಲಿದ್ದ ಇಪ್ಪತ್ತೆಂಟು ಜನಕ್ಕೆ ಒಬ್ಬೊಬ್ಬರ ಮೂರು ತಲೆಮಾರು ಗೊತ್ತು, ಮೂರೂ ತಲೆಮಾರಿನ ಸಾಲ ಗೊತ್ತು. ಹಾಗೆಂದು ಯಾರೋ ಹೇಳಿದರು. ಟೀಮಣ್ಣ ಅದಕ್ಕಾಗಿಯೇ ಕಾದಿದ್ದವನಂತೆ ಬೆರಳೆತ್ತಿದ. ‘ಅದಕ್ಕೇ! ಊರಿಗೆ ಗೊತ್ತಿಲ್ಲದ ನಿಮ್ಮದೊಂದು ಸಂಗತಿ ಹೇಳ್ರಿ. ನಂಬಿಕೆ ಬೆಳೀತದೆ.’

ಮೊದಲನೆಯವರು ಬಹಳ ಹೊತ್ತು ಯೋಚಿಸಿ, ‘ಊರಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲಪ್ಪ’ ಎಂದು ಕೂತರು. ಎರಡನೆಯವನು, ಆರಡಿ ಆಳು, ತನಗೆ ಕಪ್ಪೆ ಕಂಡರೆ ಭಯ ಅಂದ. ಚಪ್ಪಾಳೆ. ಮೂರನೆಯವರು ಎಪ್ಪತ್ತು ದಾಟಿದ ಯಜಮಾನರು. ಸಭೆ, ಚಪ್ಪಾಳೆ, ವಯಸ್ಸು ಎಲ್ಲ ಸೇರಿ ಅವರ ಮನಸ್ಸು ಕರಗಿತೋ ಏನೋ, ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಹೇಳಿದರು: ‘ಇವರಪ್ಪ ತೀರ್ಕೊಂಡ ವರ್ಷ ನಮ್ಮ ನಡುವಿನ ಬದು ನಾನು ಎರಡು ಗೇಣು ಆ ಕಡಿಗೆ ಸರಿಸಿದ್ದೆ.’

‘ಇವರಪ್ಪ’ ಅಂದರಲ್ಲ, ಆ ಇವರು ಪಕ್ಕದ ಕುರ್ಚಿಯಲ್ಲೇ ಇದ್ದರು. ಟೀಮಣ್ಣನೇ ಕೈಹಿಡಿದು ಕೂರಿಸಿದ್ದು.

ಮುಂದಿನದನ್ನು ವಿವರಿಸುವುದು ನಿರ್ದೇಶಕನಾದ ನನಗೆ ಶೋಭೆಯಲ್ಲ. ಮೂರು ಕುರ್ಚಿಯ ಬಾಬ್ತು ಬಾಡಿಗೆಯವನಿಗೆ ಕೊಟ್ಟೆವು. ವಿಷಯ ಹದ್ದುಬಸ್ತಿನ ಅರ್ಜಿಯವರೆಗೆ ಹೋಯಿತು. ತಿಂಗಳುಗಟ್ಟಲೆ ಕಾದ ಮೇಲೆ ಸರ್ವೆಯವರು ಬಂದು ಅಳೆದರೆ ಹೊಸ ಸಂಗತಿ ಹೊರಬಿತ್ತು: ಯಜಮಾನರು ಎರಡು ಗೇಣು ಆ ಕಡೆ ಸರಿಸುವ ಮೊದಲೇ ಆ ತೀರಿಕೊಂಡ ಅಪ್ಪ ಮೂರು ಗೇಣು ಈ ಕಡೆ ಸರಿಸಿದ್ದ. ಅಂದರೆ ತಪ್ಪೊಪ್ಪಿಕೊಂಡವರಿಗೇ ಇನ್ನೂ ಒಂದು ಗೇಣು ಬರಬೇಕು. ಎರಡೂ ಮನೆ ಮಾತು ಬಿಟ್ಟವು. ಟೀಮಣ್ಣ ತನ್ನ ವರದಿಯಲ್ಲಿ ಇದನ್ನು ‘ಸದಸ್ಯರ ನಡುವೆ ಪಾರದರ್ಶಕತೆ ಹೆಚ್ಚಿದೆ’ ಎಂದು ಬರೆದ. ಭಾಷೆ ತಿದ್ದಿ ಕೊಟ್ಟವನು ನಾನೇ.

ಆ ಗಲಾಟೆಯಲ್ಲಿ ನನ್ನ ಸರದಿ ಬರಲಿಲ್ಲ. ‘ನಿಂದು ಬಾಕಿ ಐತೆ, ನೆನಪಿರಲಿ’ ಅಂದಿದ್ದ.

ಆಮೇಲಿನದು ಐಡಿಯಾ ಸಭೆ. ಎಲ್ಲರಿಗೂ ಅಂಟುಚೀಟಿ, ಪೆನ್ನು. ಮನಸ್ಸಿಗೆ ಬಂದದ್ದು ಬರೆದು ಗೋಡೆಗೆ ಅಂಟಿಸಬೇಕು. ಈ ಚೀಟಿಯ ಹಿಂದಿನ ಅಂಟು 1968ರಲ್ಲಿ ಅಮೆರಿಕದ ತ್ರೀಎಂ ಕಂಪನಿಯಲ್ಲಿ ಗಟ್ಟಿ ಅಂಟು ಮಾಡಲು ಹೋಗಿ ಹುಟ್ಟಿದ ದುರ್ಬಲ ಅಂಟು. ಅದಕ್ಕೊಂದು ಉಪಯೋಗ ಸಿಕ್ಕಿ ಚೀಟಿಯಾಗಿ ದೇಶಾದ್ಯಂತ ಮಾರಾಟವಾಗಲು 1980 ಆಯಿತು. ‘ಸೋಲೇ ಇನ್ನೋವೇಶನ್!’ ಎಂದು ಟೀಮಣ್ಣ ಕಥೆ ಮುಗಿಸಿದ. ಆದರೆ ತ್ರೀಎಂನವರು ನಮ್ಮ ಸಮುದಾಯ ಭವನದ ಸುಣ್ಣದ ಗೋಡೆ ನೋಡಿರಲಿಲ್ಲ. ಚೀಟಿ ಅಂಟಿಸಿದರೆ ಬೆನ್ನಿಗೆ ಸುಣ್ಣದ ಪುಡಿ ಮೆತ್ತಿಕೊಂಡು ಬೀಳುತ್ತಿತ್ತು. ಮೇಲೆ ಆಷಾಢದ ಗಾಳಿ. ಹಳದಿ, ಗುಲಾಬಿ, ಹಸಿರು ಐಡಿಯಾಗಳೆಲ್ಲ ಕಿಟಕಿಯಿಂದ ಹಾರಿ ಬೇಲಿ ಸೇರಿದವು. ಟೀಮಣ್ಣ ‘ಟೇಪು, ಟೇಪು’ ಎಂದು ಕೂಗುತ್ತಿದ್ದಾಗ, ಚಾ ಕೊಡಲು ಬಂದಿದ್ದ ಅಜ್ಜಿಯೊಬ್ಬಳು ತಟ್ಟೆ ಕೆಳಗಿಟ್ಟು ಹೊರಗೆ ಹೋದಳು. ಬೇಲಿಯಲ್ಲಿ ಒಂದು ಹಿಡಿ ಜಾಲಿ ಮುಳ್ಳು ಮುರಿದುಕೊಂಡು ಬಂದು, ಖಾಲಿ ಗೊಬ್ಬರದ ಚೀಲವನ್ನು ಮೊಳೆಗೆ ನೇತುಹಾಕಿ, ಉಳಿದ ಚೀಟಿಗಳನ್ನೆಲ್ಲ ಅದಕ್ಕೆ ಚುಚ್ಚಿದಳು. ಎರಡು ನಿಮಿಷ. ಟೀಮಣ್ಣ ‘ಥ್ಯಾಂಕ್ಸ್ ಅಜ್ಜಿ’ ಎಂದು ಹೇಳಿ, ‘ಈಗ ಇನ್ನೋವೇಶನ್ ಬಗ್ಗೆ ಮಾತಾಡೋಣ’ ಎಂದು ಬೋರ್ಡಿನ ಕಡೆ ತಿರುಗಿದ.

ಹೀಗೆ ಗುಂಪು ಕೂಡಿ ಐಡಿಯಾ ಸುರಿಸುವ ಪದ್ಧತಿಯನ್ನು ಹರಡಿದವನು ಅಲೆಕ್ಸ್ ಆಸ್ಬರ್ನ್ ಎಂಬ ಅಮೆರಿಕದ ಜಾಹೀರಾತಿನವನು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರೆ, ಒಟ್ಟಿಗೆ ಕೂತವರಿಗಿಂತ ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದ್ದರಲ್ಲೇ ಹೆಚ್ಚು ಐಡಿಯಾ ಹುಟ್ಟಿದ್ದವು. ಮೀಟಿಂಗಿನ ಮೇಲಿನ ಸಿಟ್ಟಿಗೆ ಇದನ್ನು ಹುಡುಕಿ ಓದಿಕೊಂಡೆ. ರಿಂಗಲ್ಮಾನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರನಂತೂ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಲೆಕ್ಕ ಕೊಟ್ಟ: ಜನ ಹೆಚ್ಚಾದಷ್ಟೂ ಒಬ್ಬೊಬ್ಬ ಹಾಕುವ ಬಲ ಕಡಿಮೆಯಾಗುತ್ತದೆ. ಪಾಪ, ಅಷ್ಟು ಕಷ್ಟಪಡುವ ಬದಲು ಅವನು ನಮ್ಮ ಪಕ್ಕದ ಕೊಟ್ಟೂರಿನ ತೇರಿಗೆ ಬಂದಿದ್ದರೆ ಸಾಕಿತ್ತು. ಮಿಣಿ ಹಿಡಿದ ನೂರು ಕೈಯಲ್ಲಿ ಎಳೆಯುವವು ಎಷ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವವು ಎಷ್ಟು ಎಂದು ಬಾಳೆಹಣ್ಣು ಎಸೆಯುತ್ತ ನಿಂತ ಮಗುವೂ ಹೇಳೀತು. ಇದನ್ನು ಟೀಮಣ್ಣನಿಗೆ ಗೆದ್ದ ಧಾಟಿಯಲ್ಲಿ ಹೇಳಿದೆ. ಅವನು ತಲೆ ಕೆರೆದುಕೊಂಡು ‘ಆದರೂ ತೇರು ಹೊರಡ್ತದಲ್ಲೋ’ ಅಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಸಿಟ್ಟು ಇತ್ತು. ಆ ವಾರ ಅವನು ಇಟ್ಟಿದ್ದ ಸಲಹಾ ಪೆಟ್ಟಿಗೆಗೆ ಹೆಸರಿಲ್ಲದ ಒಂದು ಚೀಟಿ ಬಿತ್ತು: ‘ಅಧ್ಯಕ್ಷರು ಸಭೆ ನಡೆಸುವ ಅಭ್ಯಾಸ ಬಿಟ್ಟರೆ ಸಂಘ ಉದ್ಧಾರವಾದೀತು.’ ಪೆಟ್ಟಿಗೆಗೆ ಬಿದ್ದ ಒಂದೇ ಒಂದು ಸಲಹೆ ಅದು. ಅದನ್ನು ಅವನು ಸಭೆಯಲ್ಲೇ ಗಟ್ಟಿಯಾಗಿ ಓದಿದ. ‘ಒಳ್ಳೇ ಫೀಡ್‌ಬ್ಯಾಕು’ ಎಂದು ನಗಲು ನೋಡಿದ. ಮಾರ್ಕರಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿತು.

ಅವನಿಂದ ಏನೂ ಆಗಲಿಲ್ಲ ಎಂದರೆ ನಾಲಿಗೆಗೆ ಹುಳು ಬಿದ್ದೀತು. ಮೊದಲೆಲ್ಲ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆಗೆ ಹೋದರೆ, ಖರೀದಿದಾರ ನಾಲ್ಕು ಕಾಳು ಬಾಯಿಗೆ ಹಾಕಿ ಕಟುಂ ಎನ್ನಿಸಿ ‘ಹಸಿ ಐತೆ’ ಅಂದರೆ ಮುಗಿಯಿತು. ದರ ಇಳಿಯಿತು, ತೂಕದಲ್ಲಿ ಕಳೆಯುವ ಸೂಟು ಏರಿತು. ತೇವ ಶೇಕಡ 14ರೊಳಗಿರಬೇಕು ಎಂಬುದು ಲೆಕ್ಕ. ಆ ಲೆಕ್ಕ ಅವರ ಹಲ್ಲಿನಲ್ಲಿತ್ತು. ಟೀಮಣ್ಣ ನಮ್ಮ ಸಂಸ್ಥೆಯ ದುಡ್ಡಲ್ಲಿ ಮೊಟ್ಟಮೊದಲು ಕೊಂಡದ್ದು ತೇವ ಅಳೆಯುವ ಮೀಟರು. ರಸ್ತೆಯ ಮೇಲೆ ಹರವಿದ ಕಾಳನ್ನು ಅಳೆದು, ‘ಇನ್ನೊಂದು ದಿನ ಬಿಸಿಲು ಬೇಕು’ ಎಂದು ಹೇಳುತ್ತ ತಿರುಗಿದ. ಅದಕ್ಕೆ ಯಾವ ಟೀಮೂ ಇರಲಿಲ್ಲ. ಅವನೊಬ್ಬನೇ.

2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡು ನಮ್ಮ ಮೆಕ್ಕೆಜೋಳಕ್ಕೂ ಬಂತಲ್ಲ ಸೈನಿಕ ಹುಳು, ಸುಳಿಯಲ್ಲಿ ಕೂತು ತಿನ್ನುವುದು, ಅದಕ್ಕೂ ಮದ್ದು ಹೊಳೆದದ್ದು ಸಭೆಯಲ್ಲಲ್ಲ. ಸೋಡಾ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಒಳಗೆ ಮರಳು ತುಂಬಿ, ಉಪ್ಪು ಉದುರಿಸಿದ ಹಾಗೆ ಸುಳಿಗೆ ಉದುರಿಸುತ್ತ ಹೋದ ಹೆಂಗಸರ ಸಾಲನ್ನು ನಾನೇ ನೋಡಿದ್ದೇನೆ. ಅವರು ಬಂದದ್ದು ಮುಯ್ಯಾಳಿಗೆ. ಇವತ್ತು ನಮ್ಮ ಹೊಲ, ನಾಳೆ ನಿಮ್ಮದು. ನಮ್ಮವ್ವ ಓದಿದವಳಲ್ಲ, ಯಾರಿಗೆ ಎಷ್ಟು ಆಳಿನ ಬಾಕಿ ಎಂಬುದು ಮೂರು ಮುಂಗಾರಿನಷ್ಟು ಹಿಂದಿನದೂ ಅವಳ ತಲೆಯಲ್ಲಿತ್ತು. ಒಬ್ಬಳು ಬಾಣಂತಿಯಾದರೆ ಅವಳ ಪಾಲಿನ ಸಾಲನ್ನು ಉಳಿದವರು ಹೇಳದೆಯೇ ಕಳೆದು ಮುಂದೆ ಹೋಗುತ್ತಿದ್ದರು. ಆ ಸಾಲಿಗೆ ಅಧ್ಯಕ್ಷರಿರಲಿಲ್ಲ. ಮಾತು ಮಾತ್ರ ಯಾವತ್ತೂ ನಿಲ್ಲುತ್ತಿರಲಿಲ್ಲ. ಊರಿನ ಸುದ್ದಿಯೂ ಹುಳುವಿನ ಮದ್ದೂ ಅಲ್ಲೇ ಕೈಯಿಂದ ಕೈಗೆ ದಾಟುತ್ತಿದ್ದವು.

ಈಗ ಮುಯ್ಯಾಳು ಎಂದರೆ ನನ್ನ ತರಗತಿಯ ಮಕ್ಕಳು ಅರ್ಥ ಕೇಳುತ್ತಾರೆ. ಕಳೆ ತೆಗೆಯಲು ಔಷಧಿ ಬಂತು. ಮಳೆ ಕೈಕೊಟ್ಟ ವರ್ಷ ಅರ್ಧ ಕೇರಿ ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುತ್ತದೆ, ಹುಡುಗರು ಬೆಂಗಳೂರಿಗೆ. ಜನ ಸೇರುವುದು ಮದುವೆಗೆ, ಮಣ್ಣಿಗೆ, ಇನ್ನೊಂದು ಟೀಮಣ್ಣನ ಮೀಟಿಂಗಿಗೆ.

ಮೊನ್ನೆ ಸಂಜೆ ಸಮುದಾಯ ಭವನದ ಮುಂದೆ ಹಾದು ಹೋಗುತ್ತಿದ್ದೆ. ಬಾಗಿಲು ತೆರೆದಿತ್ತು. ಬೋರ್ಡು ಸಭೆಯ ದಿನ. ನಾನು ಮರೆತವನಂತೆ ಮುಂದಕ್ಕೆ ಹೋಗಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದೆ. ಕುರ್ಚಿಗಳೆಲ್ಲ ವೃತ್ತವಾಗಿ ಕಾದಿದ್ದವು. ಟೀಮಣ್ಣ ಒಂದರಲ್ಲಿ ಕೂತು ಚೀಲದ ಮೇಲಿನ ಹಳೇ ಚೀಟಿಗಳ ಜಾಲಿ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದ. ಯಾರೂ ಬಂದಿರಲಿಲ್ಲ. ನಾನು ಅವನ ಪಕ್ಕ ಕೂರಲಿಲ್ಲ, ಎದುರು ಕೂತೆ.

‘ನಿಂದು ಪರಿಚಯ ಬಾಕಿ ಐತೆ’ ಅಂದ, ತಲೆ ಎತ್ತದೆ.

ಹೇಳಿಬಿಟ್ಟೆ. ‘ಅಣ್ಣ, ಪೆಟ್ಟಿಗ್ಯಾಗಿನ ಆ ಚೀಟಿ ಬರೆದೋನು ನಾನು.’

‘ಗೊತ್ತು ಬಿಡೋ’ ಅಂದ. ‘ಅಧ್ಯಕ್ಷ, ಸಭೆ, ಅಭ್ಯಾಸ, ಸಂಘ, ಉದ್ಧಾರ. ಐದು ಕಡೆ ಮಹಾಪ್ರಾಣ, ಒಂದೂ ತಪ್ಪಿಲ್ಲ. ಊರಾಗೆ ಇನ್ಯಾರು ಅದಾರೆ?’

ಡಬ್ಬಿಯ ಮುಚ್ಚಳ ಹಾಕಿ ಎದ್ದ. ನಿರ್ದೇಶಕರ ಸಭೆಗೆ ಕಡಿಮೆಯೆಂದರೂ ಮೂವರು ಬೇಕು; ನಾವು ಇಬ್ಬರೇ. ‘ಕೋರಂ ಇಲ್ಲ. ನಡಿ, ಮಿರ್ಚಿ ಮಂಡಕ್ಕಿ ತಿನ್ನೋಣ’ ಅಂದವನು, ಬಾಗಿಲ ಬಳಿ ಹೋಗಿ ನಿಂತು, ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅವನನ್ನು ನೋಡಿದ.

‘ಅವನೂ ನಿರ್ದೇಶಕನೇ ಅಲ್ವೇನೋ?’