ಕಡುಚಳಿಯಲ್ಲಿ ಜನರೇಟರ್ ಆರೈಕೆ: ಯಲಹಂಕ, ಹೆಬ್ಬಾಳದ ನಿವಾಸಿಗಳಿಗೆ ಕೈಪಿಡಿ

ಈ ಕೈಪಿಡಿ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗಾಗಿ. ಯುಪಿಎಸ್ಸಿನಲ್ಲೇ ಕಾಲ ಹಾಕುವವರು ಓದಿ ಪಕ್ಕಕ್ಕಿಡಬಹುದು. ದಕ್ಷಿಣ ಬೆಂಗಳೂರಿಗೆ ಇದು ಅನ್ವಯಿಸುವುದಿಲ್ಲ. ತಮ್ಮಲ್ಲೂ ಚಳಿ ಇದೆ ಎಂದು ಜಯನಗರದವರು ವಾದಿಸಬಹುದು. ಡಿಸೆಂಬರ್ ಕೊನೆಯ ವಾರ ಜಿಕೆವಿಕೆ ಮಗ್ಗುಲಲ್ಲಿ ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗಿ ಬಂದ ಮೇಲೆ ವಾದಿಸಲಿ.

ಮೊದಲು ಕಡುಚಳಿ ಎಂದರೇನು ಎಂಬುದು ತೀರ್ಮಾನವಾಗಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಆಗ ಊರಿಗೆ ಕರೆಂಟೇ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ ಇಲ್ಲಿ ಬೀದಿದೀಪ ಉರಿದದ್ದು 1905ರ ಆಗಸ್ಟ್‌ನಲ್ಲಿ. ಹಾಗಾಗಿ ದಾಖಲೆಯ ಆ ದಿನ ಯಾವ ಜನರೇಟರೂ ಕೈಕೊಟ್ಟಿಲ್ಲ. ಈ ಕೈಪಿಡಿಯ ಮಟ್ಟಿಗೆ, ಸಂಘದ ಖಜಾಂಚಿಯವರು ಮಂಕಿ ಕ್ಯಾಪ್ ಹಾಕಿಕೊಂಡು ಲಿಫ್ಟಿನೊಳಗೆ ಕಾಣಿಸಿಕೊಂಡ ದಿನದಿಂದ ಕಡುಚಳಿ ಜಾರಿಗೆ ಬರುತ್ತದೆ. ಥರ್ಮಾಮೀಟರ್ ಆಗ ಸಾಮಾನ್ಯವಾಗಿ ಹದಿನಾಲ್ಕೋ ಹದಿನೈದೋ ತೋರಿಸುತ್ತಿರುತ್ತದೆ.

ಒಂದನೆಯ ಹೆಜ್ಜೆ. ಜನರೇಟರಿಗೆ ಕಂಬಳಿ ಹೊದಿಸಬೇಡಿ. ಟಾರ್ಪಾಲೂ ಬೇಡ. ಅದಕ್ಕೆ ಮೊದಲೇ ಕಬ್ಬಿಣದ ಗೂಡು ಇದೆ. ಗಾಳಿ ಹೋಗಿಬರುವ ಜಾಲರಿ ಮುಚ್ಚಿದರೆ ಯಂತ್ರ ಚಳಿಯಿಂದಲ್ಲ, ಸೆಕೆಯಿಂದ ನಿಲ್ಲುತ್ತದೆ. ಆ ಗೂಡಿನ ಹಿಂದೆ ಬೆಚ್ಚಗಿರುತ್ತದೆಂದು ಮಲಗುವ ಬೆಕ್ಕನ್ನು ಎಬ್ಬಿಸಿ ಕಳಿಸುವುದು ಸೆಕ್ಯುರಿಟಿಯವರ ಕೆಲಸ. ಇದನ್ನು ಸಭೆಯ ನಡಾವಳಿಯಲ್ಲಿ ಬರೆಯುವ ಅಗತ್ಯವಿಲ್ಲ.

ಎರಡನೆಯದು ಕೂಲೆಂಟ್. ಅರ್ಧ ಕೂಲೆಂಟು ಅರ್ಧ ನೀರು ಬೆರೆಸಿದರೆ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೆ ಹೆಪ್ಪುಗಟ್ಟುವುದಿಲ್ಲ. ಯಲಹಂಕ ನ್ಯೂ ಟೌನಿಗೆ ಇಷ್ಟು ರಕ್ಷಣೆ ಸಾಕು ಎಂದು ಭಾವಿಸೋಣ. ಇಲ್ಲಿ ಅದನ್ನು ಹಾಕುವ ನಿಜವಾದ ಕಾರಣ ತುಕ್ಕು ಮತ್ತು ಕುದಿತ. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿದವರ ಮನೆಯ ಗೀಸರ್ ಕಾಯಿಲ್ ಒಮ್ಮೆ ಬಿಚ್ಚಿ ನೋಡಿದರೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಮೂರನೆಯದು ಡೀಸೆಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಗುವ ವಿಷಯದೊಳಗೆ ನಿಜವೂ ಒಂದಿಷ್ಟಿದೆ. ಡೀಸೆಲಿನಲ್ಲಿ ಮೇಣದ ಅಂಶ ಇರುತ್ತದೆ. ಚಳಿಗೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ಹೇಗೆ ಬೆಳ್ಳಗಾಗಿ ಕೂರುತ್ತದೋ ಹಾಗೆ ಈ ಮೇಣವೂ ಕಟ್ಟಿಕೊಂಡು ಫಿಲ್ಟರ್ ಮುಚ್ಚುತ್ತದೆ. ಅದಕ್ಕೇ ನಮ್ಮ ದೇಶದ ಡೀಸೆಲ್ ಮಾನಕದಲ್ಲಿ ಎರಡು ಕಾಲದ ಲೆಕ್ಕ ಇದೆ: ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶ ಚಳಿಗಾಲದ ಡೀಸೆಲಿಗೆ 6 ಡಿಗ್ರಿ, ಬೇಸಿಗೆಯದಕ್ಕೆ 18 ಡಿಗ್ರಿ ಮೀರಬಾರದು. ಲಡಾಖಿನ ಕಥೆ ಬೇರೆ. ಅಲ್ಲಿನ ಚಳಿಗೆಂದೇ ಮೈನಸ್ 33ರವರೆಗೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಅದನ್ನು ಹೆಬ್ಬಾಳದ ಬಂಕಿನಲ್ಲಿ ಕೇಳಬೇಡಿ, ಹುಡುಗ ಗಾಬರಿಯಾಗುತ್ತಾನೆ. ಆದರೆ ಮೇ ತಿಂಗಳಲ್ಲಿ ತುಂಬಿಸಿದ ಡೀಸೆಲ್ ಜನವರಿಯಲ್ಲೂ ಟ್ಯಾಂಕಿನಲ್ಲೇ ಇದ್ದರೆ, ಅದು ಬೇಸಿಗೆಯ ಮಾಲು ಎಂಬುದು ನೆನಪಿರಲಿ. ಮಾನಕ ಹೇಳುವುದು ಗರಿಷ್ಠ ಮಿತಿಯನ್ನು, ಆದ್ದರಿಂದ ನಿಮ್ಮ ಟ್ಯಾಂಕಿನಲ್ಲಿ ಮೇಣ ಕಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಕಟ್ಟುವುದು ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಯಾಗಿ ತಳಕ್ಕಿಳಿಯುತ್ತದೆ, ಆ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗುತ್ತದೆ. ತಳದ ಡ್ರೈನ್ ಪ್ಲಗ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ನೀರು, ಮೇಲೆ ಡೀಸೆಲ್ ಬೇರೆಯಾಗಿ ನಿಲ್ಲುತ್ತವೆ. ಆ ಬಾಟಲಿಯನ್ನು ವಾರ್ಷಿಕ ಸಭೆಯಲ್ಲಿ ಮೇಜಿನ ಮೇಲಿಡಿ.

ನಾಲ್ಕನೆಯದು ಬ್ಯಾಟರಿ. ಉತ್ತರ ಬೆಂಗಳೂರಿನ ಚಳಿಗೆ ಬಲಿಯಾಗುವ ಏಕೈಕ ಬಿಡಿಭಾಗ ಇದು, ಅದೂ ಮುದಿಯಾಗಿದ್ದರೆ ಮಾತ್ರ. ಚಳಿಗೆ ಆಸಿಡ್ ಬ್ಯಾಟರಿಯ ಕಸುವು ಕುಗ್ಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ವರ್ಷದ್ದಕ್ಕೆ ಬೆಳಗಿನ ಹದಿಮೂರು ಡಿಗ್ರಿ ಸಾಕು. ಕರೆಂಟ್ ಹೋಗುತ್ತದೆ, ಪ್ಯಾನೆಲ್ ಸೆಲ್ಫ್ ಹೊಡೆಯುತ್ತದೆ, ಟಕ್ ಟಕ್ ಎಂದು ನಿಲ್ಲುತ್ತದೆ. ಐದನೇ ಮಹಡಿಯಿಂದ ಸೆಕ್ರೆಟರಿ ಫೋನು ಮಾಡುತ್ತಾರೆ.

"ಯಾಕಪ್ಪಾ, ಡೀಜಿ ಆನ್ ಆಗ್ಲಿಲ್ವಾ?"

"ಬ್ಯಾಟ್ರಿ ಕುಂತ್ ಬಿಟ್ಟೈತ್ರಿ ಸರ."

ಟರ್ಮಿನಲ್ ನೋಡಿ. ಅದರ ಮೇಲೆ ನೀಲಿ ಮಿಶ್ರಿತ ಬಿಳಿ ಉಪ್ಪು ಹೂವು ಬಿಟ್ಟಿದ್ದರೆ, ಮೊದಲು ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಬಿಗಿಯಾಗಿ ಕೂರಿಸಿ ವ್ಯಾಸಲೀನ್ ಸವರಿ. ಆಮೇಲೆ ಚಾರ್ಜರ್ ನೋಡಿ. ಕರೆಂಟ್ ಇರುವಾಗಲೆಲ್ಲ ಬ್ಯಾಟರಿಗೆ ಉಣಿಸುತ್ತಿರಬೇಕಾದ ಆ ಚಾರ್ಜರಿನ ಪ್ಲಗ್ ಕಿತ್ತು, ಆ ಜಾಗದಲ್ಲಿ ಯಾರದೋ ಮೊಬೈಲು ಚಾರ್ಜಿಗೆ ಹಾಕಿರುವ ಸಾಧ್ಯತೆ ಸಾಕಷ್ಟಿದೆ. ಎಷ್ಟೋ ಕಡೆ 'ಚಳಿಗೆ ಸ್ಟಾರ್ಟ್ ಆಗಲಿಲ್ಲ' ಎಂಬ ವರದಿಯ ಒಳಗುಟ್ಟು ಇಷ್ಟೇ.

ಐದನೆಯದು ಹೀಟರ್. ಇಂಜಿನ್ನಿನ ನೀರನ್ನು ಬೆಚ್ಚಗಿಡುವ ಹೀಟರನ್ನು ಯಾರಾದರೂ ಕೊಟೇಶನ್ನಿನಲ್ಲಿ ಸೇರಿಸಿದರೆ ನಯವಾಗಿ ಅಳಿಸಿಬಿಡಿ.

ಅನುಬಂಧ. ಚಳಿ ಇಷ್ಟೇನಾ ಎಂದು ಹಗುರ ಮಾಡಬೇಡಿ, ಬೇರೆ ಊರಿನಲ್ಲಿ ಅದು ಕೊಲ್ಲುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಗ್ಯಾಸ್ ಬಾವಿ, ಪೈಪು, ವಿದ್ಯುತ್ ಸ್ಥಾವರದ ಮಾಪಕಗಳೆಲ್ಲ ಹೆಪ್ಪುಗಟ್ಟಿ 45 ಲಕ್ಷ ಮನೆಗಳಿಗೆ ಕರೆಂಟ್ ಹೋಯಿತು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. 2011ರ ಚಳಿಯಲ್ಲೂ ಹೀಗೇ ಆಗಿ, ಸ್ಥಾವರಗಳನ್ನು ಚಳಿಗೆ ಸಜ್ಜು ಮಾಡಿ ಎಂದು ವರದಿ ಬಂದಿತ್ತು. ಯಾರೂ ಕಡ್ಡಾಯ ಮಾಡಲಿಲ್ಲ. ಈ ಒಂದು ವಿಷಯದಲ್ಲಿ ಟೆಕ್ಸಸ್ಸಿಗೂ ನಮ್ಮ ಅಸೋಸಿಯೇಷನ್ನಿಗೂ ಅಂಥ ವ್ಯತ್ಯಾಸವೇನಿಲ್ಲ.

ಯಲಹಂಕಕ್ಕಂತೂ ಜನರೇಟರ್ ಹೊಸತಲ್ಲ. ಆರು ದೈತ್ಯ ಡೀಸೆಲ್ ಯಂತ್ರಗಳ, ಒಟ್ಟು ಸುಮಾರು 128 ಮೆಗಾವ್ಯಾಟಿನ ಸ್ಥಾವರವನ್ನು ತೊಂಬತ್ತರ ದಶಕದಿಂದ ಕೆಪಿಸಿ ಇಲ್ಲೇ ನಡೆಸಿತ್ತು. ಈಗ ಅಲ್ಲಿ 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ ಇದೆ. ಯಂತ್ರಕ್ಕೆ ಇಲ್ಲಿ ಭಯ ಇರುವುದು ಮಂಜಿನಿಂದಲ್ಲ, ಮಳೆಯಿಂದ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಬೇಸ್‌ಮೆಂಟಿನಲ್ಲಿ ಜನರೇಟರ್ ಇಟ್ಟವರು ಈ ಕೈಪಿಡಿ ಮಡಚಿಟ್ಟು, ಮೊದಲು ಅದನ್ನು ಎತ್ತರದ ಕಟ್ಟೆಗೆ ಏರಿಸುವ ಖರ್ಚು ಲೆಕ್ಕ ಹಾಕಲಿ.

ಕೊನೆಯದಾಗಿ ಟ್ರಯಲ್ ರನ್. ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ ಪುಸ್ತಕದಲ್ಲಿ 'ಓಕೆ' ಬರೆಯುವುದು ಟ್ರಯಲ್ ಅಲ್ಲ. ಇಂಜಿನ್ ಕಾಯದೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಲಿಫ್ಟು, ಪಂಪು ಹಾಕಿ ಅರ್ಧ ಗಂಟೆ ಓಡಿಸಿ. ದಯವಿಟ್ಟು ಅದನ್ನು ಭಾನುವಾರ ಬೆಳಗ್ಗೆ ಆರಕ್ಕೆ ಮಾಡಬೇಡಿ, ಹನ್ನೊಂದಕ್ಕೆ ಮಾಡಿ. ಹೊಸ ಬ್ಯಾಟರಿಯ ಹಣವನ್ನು ನವೆಂಬರ್ ಸಭೆಯಲ್ಲೇ ಮಂಜೂರು ಮಾಡಿಸಿಕೊಳ್ಳಿ.