ಲಾಲ್‌ಬಾಗ್ ಬಂಡೆಯ ಸಾಕ್ಷ್ಯ: ಕ್ಯಾಲೊರಿ ಹಾಗೂ ಬೆಳಗಿನ ನಡಿಗೆಯನ್ನು ಕುರಿತು ಒಂದು ಕಾಲ್ಪನಿಕ ಸಂದರ್ಶನ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದೊಳಗೆ ಕೆಂಪೇಗೌಡರ ಹೆಸರಿನ ಗೋಪುರವನ್ನು ನೆತ್ತಿಯ ಮೇಲೆ ಹೊತ್ತಿರುವ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದು ಪೆನಿನ್ಸುಲರ್ ನೈಸ್ ಎಂಬ ಶಿಲಾವರ್ಗಕ್ಕೆ, ಅಂದರೆ ಭೂಗರ್ಭದ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಕಲ್ಲಿನ ಗುಂಪಿಗೆ ಸೇರಿದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ತೂಕ ಇಳಿಸುವವರ ವಿಷಯದಲ್ಲಿ ಈ ಬಂಡೆಯನ್ನೇ ಸಾಕ್ಷಿಯಾಗಿ ಆರಿಸಿಕೊಳ್ಳಲು ಕಾರಣವಿದೆ: ವೈದ್ಯರೂ ಪಥ್ಯತಜ್ಞರೂ ಅವರ ಬಾಯಿಮಾತನ್ನು ನಂಬಬೇಕಾಗಿದ್ದರೆ, ಬಂಡೆಯು ಅವರ ಭಾರವನ್ನು ಪ್ರತಿದಿನ ಬೆಳಿಗ್ಗೆ ಸ್ವತಃ ಹೊರುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಸರ್ಕಾರಿ ಫಲಕ ದೊರೆತಂದಿನಿಂದ ಅದು ತನ್ನನ್ನು ‘ಬಂಡೆ’ ಎಂದೇ ಕರೆದುಕೊಳ್ಳುತ್ತದೆ. ಕಚೇರಿ ಪತ್ರಗಳ ಧಾಟಿ ಕಲ್ಲಿಗೂ ಅಂಟಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ.

ಸಂದರ್ಶಕ: ಬೆಳಿಗ್ಗೆ ಬರುವ ಜನಜಂಗುಳಿಯಲ್ಲಿ ತೂಕ ಇಳಿಸಲು ಬಂದವರು ಯಾರೆಂಬುದನ್ನು ತಾವು ಹೇಗೆ ಗುರುತಿಸುತ್ತೀರಿ?

ಬಂಡೆ: ಆರೋಗ್ಯಕ್ಕಾಗಿ ನಡೆಯುವವರು ಮರಗಳನ್ನು ನೋಡುತ್ತಾರೆ, ತೂಕಕ್ಕಾಗಿ ನಡೆಯುವವರು ಮಣಿಕಟ್ಟನ್ನು ನೋಡುತ್ತಾರೆ. ನಿವೃತ್ತರೊಬ್ಬರು ಒಂಬತ್ತೂವರೆ ಸಾವಿರ ಹೆಜ್ಜೆಗೆ ದಣಿದು ಬಂಡೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಫೋನು ಹಿಡಿದು ಅಳಿಯನೊಂದಿಗೆ ಸೈಟಿನ ಖಾತೆಯ ವಿಷಯ ಮಾತನಾಡುತ್ತಲೇ, ಗಡಿಯಾರ ಕಟ್ಟಿದ ಇನ್ನೊಂದು ಕೈಯನ್ನು ತೊಟ್ಟಿಲು ತೂಗಿದಂತೆ ತೂಗುತ್ತಾ ಉಳಿದ ಐನೂರನ್ನು ಪೂರೈಸುವುದುಂಟು. ಈ ಹತ್ತು ಸಾವಿರವು ಮೊದಲಿಗೆ ಯಾವ ವೈದ್ಯರೂ ನಿಗದಿಪಡಿಸಿದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅದು ಲೋಕಕ್ಕೆಲ್ಲ ಹರಡಿತು. ವ್ಯಾಪಾರಿಯೊಬ್ಬನ ದುಂಡುಸಂಖ್ಯೆ ಅರವತ್ತು ವರ್ಷಗಳಲ್ಲಿ ಶಾಸ್ತ್ರವಾಗುವುದನ್ನು ಕಂಡು, 300 ಕೋಟಿ ವರ್ಷ ಬಾಳಿಯೂ ಶಾಸ್ತ್ರವಾಗದ ಬಂಡೆಗೆ ತುಸು ಅಸೂಯೆಯಾಗಿದೆ.

ಸಂದರ್ಶಕ: ಹೆಜ್ಜೆಯನ್ನು ಬಿಟ್ಟು ಕ್ಯಾಲೊರಿಗೆ ಬರೋಣ. ಓದುಗರಿಗಾಗಿ ಅದನ್ನು ವಿವರಿಸಬಹುದೇ?

ಬಂಡೆ: ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವನ್ನು ಆಹಾರಶಾಸ್ತ್ರದಲ್ಲಿ ಕ್ಯಾಲೊರಿ ಎನ್ನುತ್ತಾರೆ, ಭೌತಶಾಸ್ತ್ರದವರು ಇದನ್ನೇ ಕಿಲೋಕ್ಯಾಲೊರಿ ಎಂದು ಕರೆಯುತ್ತಾರೆ. ಅಮೆರಿಕದ ವಿಲ್ಬರ್ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಡೆಸಿದ ಅಧ್ಯಯನಗಳಿಂದ, ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4 ಕ್ಯಾಲೊರಿಯೂ ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿಯೂ ದೊರೆಯುತ್ತವೆಂಬ ಲೆಕ್ಕ ಬಳಕೆಗೆ ಬಂತು. ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಹಿಂಭಾಗದಲ್ಲಿ ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ ಅಚ್ಚಾಗುವ ಅಂಕಿಗಳ ಮೂಲ ಇದೇ ಲೆಕ್ಕವಾಗಿದೆ.

ಸಂದರ್ಶಕ: ಹಾಗಾದರೆ ಉದ್ಯಾನದಲ್ಲಿ ಒಂದು ಗಂಟೆ ನಡೆದವರಿಗೆ ಎಷ್ಟು ಕ್ಯಾಲೊರಿ ಜಮೆಯಾಗುತ್ತದೆ?

ಬಂಡೆ: ಜಮೆ ಎಂಬ ಪದ ಬಳಸಿದ್ದರಲ್ಲಿಯೇ ಸಂದರ್ಶಕರ ಅಂತರಂಗ ತಿಳಿಯುತ್ತದೆ. ಸುಮ್ಮನೆ ಕುಳಿತಾಗ ದೇಹವು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿಯನ್ನು ವೆಚ್ಚ ಮಾಡುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ನೆಲದ ಮೇಲೆ ನಡೆದರೆ ಅದರ ಸುಮಾರು ಮೂರೂವರೆ ಪಟ್ಟು ವೆಚ್ಚವಾಗುತ್ತದೆ. ಆದ್ದರಿಂದ 70 ಕಿಲೋ ತೂಗುವವರಿಗೆ ಗಂಟೆಗೆ 245 ಕ್ಯಾಲೊರಿ ಎಂದಾಗುತ್ತದೆಯಾದರೂ, ಅವರು ಮನೆಯಲ್ಲಿಯೇ ಪತ್ರಿಕೆ ಓದುತ್ತಾ ಕುಳಿತಿದ್ದರೂ ಅದರಲ್ಲಿ 70 ಖರ್ಚಾಗಿಯೇ ತೀರುತ್ತಿತ್ತು. ನಡಿಗೆಯ ನಿಜವಾದ ಗಳಿಕೆ ಸುಮಾರು 175 ಮಾತ್ರ. ಒಂದು ಕಿಲೋ ಮೈಕೊಬ್ಬಿನಲ್ಲಿ ಅಂದಾಜು 7,700 ಕ್ಯಾಲೊರಿ ಅಡಗಿರುವುದರಿಂದ, ಊಟದಲ್ಲಿ ಒಂದು ತುತ್ತೂ ಹೆಚ್ಚಾಗದಂತೆ ನೋಡಿಕೊಂಡು 44 ಗಂಟೆ ನಡೆದರೆ ಒಂದು ಕಿಲೋ ಕರಗಬೇಕು. ಇನ್ನು ಬಂಡೆ ಹತ್ತುವವರ ಏದುಸಿರಿಗೆ ಮರುಳಾಗುವ ಅಗತ್ಯವಿಲ್ಲ: ಅದೇ 70 ಕಿಲೋ ದೇಹವನ್ನು ಹತ್ತು ಮೀಟರ್ ಮೇಲಕ್ಕೆತ್ತಲು ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 7 ಕ್ಯಾಲೊರಿ, ಎಂದರೆ ಒಂದು ಕಡಲೆಕಾಯಿಯೊಳಗಿನ ಎರಡು ಬೀಜ. ಪಕ್ಕದ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆದಾಗ, ಸೇರುಗಟ್ಟಲೆ ಕೊಂಡವರು ಎಷ್ಟು ಬೆಟ್ಟ ಹತ್ತಬೇಕಾದೀತೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಸಂದರ್ಶಕ: ನಡಿಗೆ ಮುಗಿಸಿದವರು ತಿಂಡಿ ತಿನ್ನಬಾರದೆಂದು ತಮ್ಮ ಅಭಿಪ್ರಾಯವೇ? 1924ರಲ್ಲಿ ಆರಂಭವಾದ ಎಂಟಿಆರ್ ತಮ್ಮ ನೆರೆಯಲ್ಲಿಯೇ ಇದೆ, 1943ರ ವಿದ್ಯಾರ್ಥಿ ಭವನ ಗಾಂಧಿ ಬಜಾರಿನಲ್ಲಿದೆ. ಇವುಗಳ ಮುಂದೆ ಕಾಯುವ ಸಾಲಿನಲ್ಲಿ ಓಟದ ಬೂಟುಗಳೂ ಕಾಣುತ್ತವೆ.

ಬಂಡೆ: ದೋಸೆಯ ಮೇಲೆ ಬಂಡೆಗೆ ಯಾವ ದ್ವೇಷವೂ ಇಲ್ಲ, ಅದನ್ನು ಹುಯ್ಯುವ ಹೆಂಚು ಕೂಡ ದೂರದ ನೆಂಟನೇ. ತಕರಾರಿರುವುದು ನಡಿಗೆಯನ್ನು ಪರವಾನಗಿಯನ್ನಾಗಿ ಮಾಡಿಕೊಳ್ಳುವ ಮನೋಧರ್ಮದ ಮೇಲೆ. ದೋಸೆಯ ನೆತ್ತಿಯ ಮೇಲೆ ಕರಗುವ ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 13 ಗ್ರಾಂ ಕೊಬ್ಬಿರುತ್ತದೆ. ಒಂಬತ್ತರಿಂದ ಗುಣಿಸಿದರೆ 117 ಕ್ಯಾಲೊರಿ, ಅಂದರೆ ನಲವತ್ತು ನಿಮಿಷಗಳ ನಡಿಗೆ ಅಲ್ಲಿಗೇ ಚುಕ್ತಾ. ದೋಸೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ‘ನಾಳೆ ಇನ್ನೊಂದು ಸುತ್ತು ಹೆಚ್ಚು ಹಾಕಿದರಾಯ್ತು’ ಎನ್ನುತ್ತಾ ತರಿಸುವ ಉದ್ದಿನವಡೆ, ಕೊನೆಯಲ್ಲಿ ಸಂಯಮದ ಗುರುತಾಗಿ ಬೈಟೂ ಕಾಫಿ, ಇವು ಯಾವುವೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಾಫಿಯನ್ನು ಅರ್ಧ ಮಾಡಿಕೊಂಡವರು ವಡೆಯನ್ನು ಅರ್ಧ ಮಾಡಿಕೊಂಡದ್ದು ಬಂಡೆಯ ಕಿವಿಗೆ ಬಿದ್ದಿಲ್ಲ.

ಸಂದರ್ಶಕ: ಆದರೆ ಮಣಿಕಟ್ಟಿನ ಯಂತ್ರವು 400 ಎಂದು ತೋರಿಸುತ್ತಿರುವಾಗ ಪಾಪದವರು ಏನು ಮಾಡಬೇಕು?

ಬಂಡೆ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಯಂತ್ರಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳಲ್ಲಿ ಆರು ಹೃದಯ ಬಡಿತವನ್ನು ಸಾಕಷ್ಟು ಸರಿಯಾಗಿಯೇ ಎಣಿಸಿದವು, ಕ್ಯಾಲೊರಿಯ ಅಂದಾಜಿನಲ್ಲಿ ಮಾತ್ರ ಅತ್ಯುತ್ತಮ ಯಂತ್ರವೂ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ. 93ರಷ್ಟು ತಪ್ಪಿತು. ಹೃದಯವನ್ನು ಅರಿತ ಯಂತ್ರಕ್ಕೂ ಹೊಟ್ಟೆಯ ವ್ಯವಹಾರ ತಿಳಿಯದು.

ಸಂದರ್ಶಕ: ಮೊದಲ ವಾರದಲ್ಲಿ ಎರಡು ಕಿಲೋ ಇಳಿಸಿದವರ ಅನುಭವಕ್ಕೆ ಬೆಲೆಯಿಲ್ಲವೇ?

ಬಂಡೆ: ಅದರಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನಿರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆಗೂ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದೊಡನೆ ದಾಸ್ತಾನು ಕರಗಿ ನೀರು ಹೊರಬೀಳುತ್ತದೆ, ಒಂದು ಮದುವೆಯೂಟಕ್ಕೆ ಹೋಗಿ ಬಂದರೆ ಎರಡೂ ಹಿಂದಿರುಗುತ್ತವೆ.

ಸಂದರ್ಶಕ: ನಡಿಗೆಯನ್ನು ದುಪ್ಪಟ್ಟು ಮಾಡಿದರೆ ತೂಕವೂ ದುಪ್ಪಟ್ಟು ವೇಗದಲ್ಲಿ ಇಳಿಯಬೇಕಲ್ಲವೇ?

ಬಂಡೆ: ಬೇಕು, ದೇಹವು ಒಪ್ಪಿದರೆ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರನ್ನು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಬಹಳ ಮಂದಿಯನ್ನು ಬೆರಗುಗೊಳಿಸಿತು: ಪಾಶ್ಚಾತ್ಯ ನಗರವಾಸಿಗಳಿಗಿಂತ ಬಹಳ ಹೆಚ್ಚು ನಡೆಯುವ ಆ ಜನರ ದಿನದ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡ ಮೇಲೆ, ನಗರವಾಸಿಗಳದಕ್ಕಿಂತ ಬೇರೆಯಾಗಿರಲಿಲ್ಲ. ಒಂದು ಬಾಬಿನಲ್ಲಿ ಖರ್ಚು ಏರಿದರೆ ದೇಹವು ಬೇರೆ ಬಾಬುಗಳಲ್ಲಿ ಸದ್ದಿಲ್ಲದೆ ಕಡಿತ ಮಾಡುತ್ತದೆಂಬುದು ಪಾಂಟ್ಜರ್ ಅವರ ವಾದವಾಗಿದ್ದು, ಕಡಿತವೆಷ್ಟು ಎಂಬುದರ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಊಟವನ್ನು ಏಕಾಏಕಿ ಅರ್ಧಕ್ಕಿಳಿಸುವುದೂ ಜಾಣತನವಲ್ಲ. ಹಾಗೆ ಮಾಡಿದಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ವಿಶ್ರಾಂತಿ ವೆಚ್ಚವೂ, ಅಂದರೆ ಉಸಿರಾಟ, ರಕ್ತಸಂಚಾರಗಳಂಥ ಮೂಲಕಾರ್ಯಗಳಿಗೆ ತಗಲುವ, ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚಿನ ಆ ಭಾಗವೂ, ಕುಗ್ಗುತ್ತದೆ.

ಸಂದರ್ಶಕ: ಹೀಗೆಂದರೆ ನಡಿಗೆಯೇ ವ್ಯರ್ಥವೆಂದು ಜನ ಮನೆಯಲ್ಲಿ ಮಲಗಿಬಿಡುವರು.

ಬಂಡೆ: ಮಲಗಲು ನೆಪ ಹುಡುಕುವವರಿಗೆ ವಿಜ್ಞಾನ ಬೇಕಾಗಿಲ್ಲ, ಜಿಟಿಜಿಟಿ ಮಳೆ ಸಾಕು. ನಡಿಗೆಯಿಂದ ಇಳಿಯುವ ತೂಕ ಅಲ್ಪವಾದರೂ ರಕ್ತದೊತ್ತಡ, ಸಕ್ಕರೆ, ನಿದ್ರೆ, ಮನಸ್ಸು ಇವೆಲ್ಲಕ್ಕೂ ಅದರಿಂದಾಗುವ ಉಪಕಾರ ಅಲ್ಪವಲ್ಲ. ಇಳಿಸಿದ ತೂಕ ಮರಳದಂತೆ ತಡೆಯುವಲ್ಲಿ ಅದರ ಪಾತ್ರ ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಗತಿಯ ಚಟುವಟಿಕೆಯನ್ನು ಹೇಳಿ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದಿದೆ. ಬಂಡೆಯ ಮೇಲೆ ಈ ಎರಡನೆಯ ಬಗೆಯವರು ಅಪರೂಪ; ಕೈ ಚಪ್ಪಾಳೆ ತಟ್ಟಿ ಜೋರಾಗಿ ನಗುವುದೇ ಸ್ನಾಯುಬಲವೆಂದು ತಿಳಿದವರೇ ಹೆಚ್ಚು.

ಸಂದರ್ಶಕ: ಕೊನೆಗೆ ಒಂದು ಸರಳವಾದ ಪ್ರಮಾಣ ಹೇಳುವಿರಾ?

ಬಂಡೆ: ಹೆಚ್ಚು ಓಡಾಟವಿಲ್ಲದ, 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 1,660 ಕ್ಯಾಲೊರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಅಂದಾಜು ಕಟ್ಟಿದೆ. ಖರ್ಚಿಗಿಂತ ದಿನಕ್ಕೆ 500ರ ಕೊರತೆ ಉಂಟುಮಾಡಬೇಕೆನ್ನುವವರು 350ನ್ನು ತಟ್ಟೆಯಿಂದಲೂ 150ನ್ನು ಕಾಲಿನಿಂದಲೂ ತೆಗೆದರೆ, ಹಸಿವೂ ಮಂಡಿಯೂ ಏಕಕಾಲದಲ್ಲಿ ಮುಷ್ಕರ ಹೂಡುವುದಿಲ್ಲ. ತಟ್ಟೆಯ 350 ಎಂದರೆ ಉಪವಾಸವಲ್ಲ: ಮೇಲುಗಡೆಯ ತುಪ್ಪ, ಎರಡನೆಯ ವಡೆ, ಸಂಜೆಯ ಸಕ್ಕರೆ ಕಾಫಿಯ ಜೊತೆಗಿನ ಚಕ್ಕುಲಿ. ಹಾಗೆಂದು ಲೆಕ್ಕ ಹಾಕಿದಷ್ಟೇ ವೇಗದಲ್ಲಿ ತೂಕ ಇಳಿಯುತ್ತದೆಂದು ಬಂಡೆ ಮುಚ್ಚಳಿಕೆ ಬರೆದುಕೊಡುವುದಿಲ್ಲ.

ಸಂದರ್ಶಕ: ತಮ್ಮ ಸ್ವಂತ ಅನುಭವ?

ಬಂಡೆ: ಮಳೆ, ಬಿಸಿಲು, ಗಾಳಿಗಳಿಂದ ಬಂಡೆ ಕೋಟ್ಯಂತರ ವರ್ಷಗಳಿಂದ ಸವೆಯುತ್ತಲೇ ಇದೆ. ಇಳಿದದ್ದರಲ್ಲಿ ಒಂದು ಗ್ರಾಮೂ ಮರಳಿ ಬಂದಿಲ್ಲ, ಆದರೆ ಯಾರೂ ಹಿಂದಿನ ಮತ್ತು ಇಂದಿನ ಚಿತ್ರಗಳನ್ನು ಜೋಡಿಸಿ ಪ್ರಚಾರ ಮಾಡಿಲ್ಲ.

ಸಂದರ್ಶನ ಮುಗಿಯುವ ಮುನ್ನ ಬಂಡೆಯು ಓದುಗರಲ್ಲಿ ಎರಡು ವಿನಂತಿಗಳನ್ನು ಮಾಡಿಕೊಂಡಿತು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸಿ ನಡಿಗೆ ಏರಿಸುವ ಮೊದಲು ವೈದ್ಯರನ್ನು ಕಾಣಬೇಕು, ಏಕೆಂದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ತಲೆಸುತ್ತಿ ಬಿದ್ದವರನ್ನು ಹಿಡಿದುಕೊಳ್ಳಲು ಬಂಡೆಗೆ ಕೈಗಳಿಲ್ಲ. ಇನ್ನು ಬಂಡೆಯ ಮೈಮೇಲೆ ಹೆಸರು ಕೆತ್ತುವವರು ದಯಮಾಡಿ ಕೆತ್ತಬಾರದು. ಆ ಕೆಲಸಕ್ಕೆ ಖರ್ಚಾಗುವ ಕ್ಯಾಲೊರಿ ತೀರ ಕಡಿಮೆ.